ಎರಡು ಬಗೆಯ ಇಂಚು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಒಂದು ಇಂಚು ಎಂದರೆ ಎಷ್ಟು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚಿತ್ರದುರ್ಗದ ಆ ಪೈಪಿನ ಅಂಗಡಿಯವನಿಗೂ ನಾನು ಇದನ್ನೇ ಹೇಳಿದ್ದು. ನನ್ನ ಮಾತಿನಲ್ಲಿ ತಪ್ಪಿತ್ತೆಂದು ಈಗಲೂ ಒಪ್ಪುವುದಿಲ್ಲ. ತಪ್ಪಿದ್ದದ್ದು ಇಂಚಿನಲ್ಲಿ!

ಹೊಳಲ್ಕೆರೆಯಲ್ಲಿರುವ ನನ್ನ ತಂಗಿ ಸುಶೀಲಳ ಮಗಳು ಚೈತ್ರಳಿಗೆ ಹೊಸದುರ್ಗದ ಹುಡುಗ ಗೊತ್ತಾಗಿದ್ದ. ನಿಶ್ಚಿತಾರ್ಥ ಸುಶೀಲಳ ಮನೆಯ ಅಂಗಳದಲ್ಲೇ. ಹುಡುಗ ಹುಡುಗಿ ಕೂರುವ ಜಾಗದ ಸುತ್ತ ಪರದೆ, ಹೂವು ಕಟ್ಟಲು ಒಂದು ಮಂಟಪ ಬೇಕಿತ್ತು. ಶಾಮಿಯಾನದ ಬಸಣ್ಣ ಬಿದಿರಿನಲ್ಲಿ ಕಟ್ಟಿಕೊಡುತ್ತೇನೆಂದ. ಸೋದರಮಾವ ಬದುಕಿರುವಾಗ ಬಿದಿರೇ? ನಾನು ಫೋನಿನಲ್ಲಿ ನೋಡಿದ್ದೆ: ಮೂಲೆಗೊಂದು ಜಾಯಿಂಟು, ಅದರೊಳಗೆ ಪೈಪು, ಮೇಲೊಂದು ಸ್ಕ್ರೂ. ವೆಲ್ಡಿಂಗ್ ಬೇಡ, ಹಗ್ಗ ಬೇಡ. ಕೆಲಸವಾದ ಮೇಲೆ ಬಿಚ್ಚಿ, ಅದರಲ್ಲೇ ಪುಸ್ತಕದ ಸ್ಟ್ಯಾಂಡ್ ಮಾಡಿಕೊಳ್ಳಬಹುದು. ಮಂಟಪ ನನ್ನದೆಂದು ಘೋಷಿಸಿಬಿಟ್ಟೆ.

ನನ್ನ ಹೆಂಡತಿ ಗಿರಿಜೆ ಮಾತ್ರ, "ಬಟ್ಟೆ ಒಣಗ್ಸೋ ಸ್ಟ್ಯಾಂಡ್ ಬಿಚ್ಚಿದೋರು ಇನ್ನೂ ಜೋಡ್ಸಿಲ್ಲ. ಅದು ನಮ್ಮನೆ ಮರ್ಯಾದಿ, ಹೋಗ್ಲಿ. ಇದು ಆ ಹುಡುಗೀದು" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜಾಯಿಂಟುಗಳು ಕೊರಿಯರಿನಲ್ಲಿ ಬಂದವು. ಡಬ್ಬಿಯ ಮೇಲೆ 'ಒಂದು ಇಂಚು' ಎಂದೇ ಇತ್ತು. ಪೈಪು ಕೊಳ್ಳಲು ಹೋದರೆ ಅಂಗಡಿಯವನು ಒಳಗಿನ ಅಳತೆಯೋ ಹೊರಗಿನದೋ ಎಂದು ಕೇಳಿದ. ಆಗಲೇ ನಾನು ಆ ಮೂವತ್ತೊಂದು ವರ್ಷದ ಮಾತು ಹೇಳಿದ್ದು. ಅವನು ಥಳಥಳ ಹೊಳೆಯುವ ಪೈಪು ಕೊಟ್ಟ.

ನಿಶ್ಚಿತಾರ್ಥದ ಬೆಳಿಗ್ಗೆ ಜೋಡಿಸಲು ಕೂತೆ. ಪೈಪು ಜಾಯಿಂಟಿನೊಳಗೆ ತಾತನ ಚಡ್ಡಿ ತೊಟ್ಟ ಮೊಮ್ಮಗನ ಕಾಲಿನಂತೆ ಅಲ್ಲಾಡಿತು. ಜಾಯಿಂಟಿನವರ ಇಂಚು ನೀರಿನ ಪೈಪಿನದಂತೆ, ಅದನ್ನು ಒಳಗಿನಿಂದ ಅಳೆಯುತ್ತಾರಂತೆ, ಹೊರಮೈ ಇನ್ನೂ ದಪ್ಪವಂತೆ. ನನಗೆ ಸಿಕ್ಕಿದ್ದು ಕುರ್ಚಿ ಮೇಜಿನ ಪೈಪು, ಅದನ್ನು ಹೊರಗಿನಿಂದ ಅಳೆಯುತ್ತಾರಂತೆ. ಒಂದೇ ದೇಶ, ಒಂದೇ ಸ್ಕೇಲು, ಎರಡು ಇಂಚು! ಮಕ್ಕಳು ಹೀಗೆ ಬರೆದಿದ್ದರೆ ನಾನು ಸೊನ್ನೆ ಹಾಕುತ್ತಿದ್ದೆ. ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆಯವನು ಪೈಪು ತಮ್ಮದಲ್ಲ ಎಂದು ವಿನಯದಿಂದ ತಿಳಿಸಿದ. ಸೂಚನೆಯ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಚಿತ್ರದಲ್ಲಿ ಮೂಗಿಲ್ಲದ ಒಬ್ಬ ಮನುಷ್ಯ ಪೈಪು ಹಿಡಿದು ನಗುತ್ತಿದ್ದ. ಅವನಿಗೇನು, ಅವನಿಗೆ ತಂಗಿಯ ಮಗಳಿಲ್ಲ.

ಸೋಲೊಪ್ಪದೆ ಪೈಪಿನ ತುದಿಗಳಿಗೆ ಹಳೆಯ ಪತ್ರಿಕೆ ದಪ್ಪಗೆ ಸುತ್ತಿ, ಜಾಯಿಂಟಿನೊಳಗೆ ತುರುಕಿ, ಸ್ಕ್ರೂ ಬಿಗಿದೆ. ಮಂಟಪ ನಿಂತಿತು. ನೀಟಾಗಿ ನಿಂತಿತು. ಕುರ್ಚಿ ಹಾಕುತ್ತಿದ್ದ ಬಸಣ್ಣನಿಗೆ ಕಾಣುವಂತೆ ಎರಡು ಸುತ್ತು ಹಾಕಿ ಬಂದೆ.

ಆಮೇಲೆ ಸುಶೀಲ, ಬಾಡಬಾರದೆಂದು ನೀರಿನಲ್ಲಿ ಅದ್ದಿಟ್ಟಿದ್ದ ಚೆಂಡುಹೂವಿನ ಹಾರಗಳನ್ನು ತಂದು ಅದರ ಮೇಲೆ ಹೇರಿದಳು. ನೀರು ಪೈಪಿನ ಮೇಲೆ ಹರಿದು ಪತ್ರಿಕೆಯೊಳಗೆ ಇಳಿಯಿತು.

ಪುರೋಹಿತರು ಲಗ್ನಪತ್ರಿಕೆ ಓದುತ್ತಿದ್ದಾಗ ಮೇಲಿನ ಅಡ್ಡ ಪೈಪು ಭಕ್ತಿಯಿಂದ ಬಾಗತೊಡಗಿತು. ಪರದೆಯ ಹಿಂದೆ ನುಗ್ಗಿ ಒಂದು ಮೂಲೆ ಹಿಡಿದೆ. ಇನ್ನೊಂದನ್ನು ಸುಶೀಲಳ ಗಂಡ ಹಿಡಿದರು. ಮುಂದಿನ ಎರಡು ಕಾಲು ತಮ್ಮ ಮಗನ ಮೇಲೆಯೇ ವಾಲುವುದನ್ನು ಕಂಡ ಹುಡುಗನ ತಂದೆ ರುದ್ರಪ್ಪನವರು ಎದ್ದು ಬಂದು, ಜರತಾರಿ ಶಲ್ಯ ಸೊಂಟಕ್ಕೆ ಸುತ್ತಿ, ಎರಡೂ ಕೈ ಚಾಚಿ ಎರಡನ್ನೂ ಹಿಡಿದುಕೊಂಡರು. ಗಂಡಿನ ಕಡೆಯ ಹಿರಿಯರು! ನಾಚಿಕೆಯಿಂದ ನೆಲಕ್ಕಿಳಿದುಹೋದೆ.

"ನೀವು ಕುಂತ್ಕಳ್ರಿ ಬೀಗರೆ, ನಾನು ನೋಡ್ಕಂತೀನಿ" ಎಂದೆ ಪರದೆಯೊಳಗಿಂದ.

"ನಾನು ಕುಂತ್ರೆ ನಿಮ್ಮ ಮಂಟಪನೂ ಕುಂತ್ಕಂತೈತೆ ಮೇಷ್ಟ್ರೆ" ಎಂದರು ಅವರು.

ನಾವು ಮೂವರು ಕಂಬಗಳಾಗಿ ನಿಂತಿರುವಾಗಲೇ ಉಂಗುರ ಬದಲಾಯಿತು. ಚೈತ್ರ ತಲೆ ತಗ್ಗಿಸಿದ್ದಳು. ನಾಚಿಕೆಯೆಂದು ಎಲ್ಲರೂ ಅಂದುಕೊಂಡರು. ಅವಳ ಹೆಗಲು ನಗುವಿಗೆ ಕುಣಿಯುತ್ತಿದ್ದದ್ದು ಪರದೆಯ ಸಂದಿಯಿಂದ ನನಗೆ ಕಾಣುತ್ತಿತ್ತು.

ಬಸಣ್ಣ ಸೆಣಬಿನ ಹಗ್ಗ ತಂದು, ಐದೇ ನಿಮಿಷದಲ್ಲಿ ಮೂಲೆಗಳನ್ನು ಬಿಗಿದ. ಅವನಿಗೆ ಈ ಎರಡು ಇಂಚುಗಳ ಅನ್ಯಾಯವನ್ನು ಸವಿಸ್ತಾರವಾಗಿ ವಿವರಿಸಿದೆ. ಅವನು ಗಂಟು ಹಾಕುತ್ತಲೇ, "ಹಗ್ಗಕ್ಕೆ ಒಳಗು ಹೊರಗು ಇಲ್ಲ ಬಿಡ್ರಿ ಮೇಷ್ಟ್ರೆ" ಎಂದ.

ಊಟವಾದ ಮೇಲೆ ಮದುವೆಯ ಮಾತು ಬಂತು. ಎಲೆಯಡಿಕೆ ಹಾಕಿಕೊಳ್ಳುತ್ತ ರುದ್ರಪ್ಪನವರು, "ನಮಗೇನೂ ಬ್ಯಾಡ್ರಿ. ಮಂಟಪ ಒಂದು ಮಾತ್ರ ನಾವೇ ಹಾಕಿಸ್ತೀವಿ" ಎಂದರು. ಅದು ಹೆಣ್ಣಿನ ಕಡೆಯವರ ಹಕ್ಕೆಂದು ಪ್ರತಿಭಟಿಸಲು ಎದ್ದೆ. ಅಷ್ಟರಲ್ಲಿ ಗಿರಿಜೆ, "ಆಗ್ಲಿ ಬಿಡ್ರಿ" ಎಂದು ಒಪ್ಪಿಯಾಗಿತ್ತು.

ಮದುವೆಯಲ್ಲಿ ನನಗೂ ಒಂದು ಹೊಣೆ ಕೊಟ್ಟಿದ್ದಾರೆ, ಅಕ್ಷತೆಯ ತಟ್ಟೆ ಹಿಡಿಯುವುದು. ತಟ್ಟೆಗೆ ಎಲ್ಲಾದರೂ ಸ್ಕ್ರೂ ಇದೆಯೇ ಎಂದು ಗಿರಿಜೆ ಎರಡು ಸಲ ತಿರುವಿ ನೋಡಿದ್ದಾಳೆ.