ಮರಿಯಮ್ಮನನ್ನು ಹೊತ್ತು ಹನ್ನೆರಡು ಮನೆ

ಪ್ರತಿ ಅಕ್ಟೋಬರಿನಲ್ಲೂ ನನಗೆ ಏನಾದರೊಂದು ಪಜೀತಿ ಆಗಿಯೇ ಆಗುತ್ತದೆ. ಅದು ಜಪಸರದ ತಿಂಗಳು. ಚೆನ್ನೈಯಲ್ಲಿ ಚದುರಿಹೋಗಿರುವ ನಮ್ಮ ಹನ್ನೆರಡು ಕನ್ನಡ ಕ್ಯಾಥೊಲಿಕ್ ಮನೆಗಳಿಗೆ ಮರಿಯಮ್ಮನ ಪ್ರತಿಮೆ ಸರದಿಯಂತೆ ಹೋಗಬೇಕು. ಒಂದು ದಿನ ಇಟ್ಟುಕೊಂಡು, ಸಂಜೆ ಮನೆಯವರೆಲ್ಲ ಕೂತು ಜಪಸರದ ಮಣಿ ಎಣಿಸುತ್ತ ಐವತ್ತು ‘ನಮೋ ಮರಿಯಾ’ ಹೇಳಿ, ಮುಂದಿನ ಮನೆಗೆ ದಾಟಿಸಬೇಕು. ದಾಟಿಸುವ ಕೆಲಸ ನನ್ನದು. ತಾಂಬರಂನಿಂದ ಲೋಕಲ್ ರೈಲಿನಲ್ಲಿ, ಮೊಣಕಾಲು ನೋವಿನ ಸಮೇತ.

ನಿಜ ಹೇಳಬೇಕೆಂದರೆ ನನ್ನ ಆಸೆ ಹನ್ನೆರಡನೇ ಮನೆಯ ಮೇಲೆ. ಅದು ನನ್ನ ಮಗನ ಮನೆ. ಎಂಟು ವರ್ಷದ ಮೊಮ್ಮಗಳಿಗೆ ಶಿಲುಬೆ ಗುರುತು ಹಾಕಲೂ ಬರುವುದಿಲ್ಲ, ನನ್ನನ್ನು ಅಜ್ಜಿ ಅನ್ನದೆ ತಮಿಳಿನಲ್ಲಿ ‘ಪಾಟಿ’ ಅನ್ನುತ್ತಾಳೆ. ಅವಳ ಬಾಯಿಂದ ಒಂದೇ ಒಂದು ‘ನಮೋ ಮರಿಯಾ’ ಕೇಳಿ ಕಣ್ಣು ಮುಚ್ಚಬೇಕೆಂದಿದ್ದೇನೆ.

ಗೇಟಿನಲ್ಲಿ

ಹೊಸ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ವಾಚ್‌ಮನ್ ತಡೆದ. ಮನೆಯವಳಿಗೆ ಫೋನ್ ಮಾಡಿದೆ.

“ಆಂಟಿ, ನಾನು ಮೀಟಿಂಗಲ್ಲಿದ್ದೀನಿ. ಕೆಳಗೆ ಡೆಲಿವರಿ ಶೆಲ್ಫ್ ಇದೆಯಲ್ಲ, ಅಲ್ಲೇ ಇಟ್ಟು ಹೋಗಿ. ಒಟಿಪಿ ಕಳಿಸ್ತೀನಿ.”

ಹಾಲಿನ ಪ್ಯಾಕೆಟ್ಟು ಮತ್ತು ಯಾರದೋ ಬಿರಿಯಾನಿಯ ನಡುವೆ ದೇವಮಾತೆಯನ್ನು ನಿಲ್ಲಿಸಿ ಬಂದೆ. ಹೆರಿಗೆಯ ರಾತ್ರಿ ಬೆತ್ಲೆಹೇಮಿನಲ್ಲೂ ಅವಳಿಗೆ ಛತ್ರದಲ್ಲಿ ಜಾಗ ಸಿಕ್ಕಿರಲಿಲ್ಲ, ನಿಜ. ಆದರೆ ಆಗ ಯಾರೂ ಒಟಿಪಿ ಕೇಳಿರಲಿಲ್ಲ.

ಇಂಟು ಐವತ್ತು

ಇನ್ನೊಂದು ಮನೆಯಲ್ಲಿ ಎರಡು ಮಕ್ಕಳ ತಾಯಿ ಗಡಿಯಾರ ನೋಡುತ್ತಲೇ ಬಾಗಿಲು ತೆಗೆದಳು.

“ಐವತ್ತೂ ಹೇಳಿದ್ರೆ ಕ್ಲಾಸ್ ಮಿಸ್ ಆಗುತ್ತೆ ಆಂಟಿ. ಒಂದು ಸಲ ಹೇಳಿ, ‘ಇಂಟು ಐವತ್ತು’ ಅಂದ್ರೆ ಆಗಲ್ವಾ?”

“ಯಾವ ಕ್ಲಾಸಮ್ಮ?”

“ಅಬಾಕಸ್. ಮಣಿ ಎಣಿಸಿದ್ರೆ ಮಕ್ಕಳಿಗೆ ಏಕಾಗ್ರತೆ ಬರುತ್ತಂತೆ.”

ನನ್ನ ಕೈಯಲ್ಲಿದ್ದ ಜಪಸರವನ್ನು ನಾನೇ ಒಮ್ಮೆ ನೋಡಿಕೊಂಡೆ.

ಟ್ರಿಪ್ಲಿಕೇನಿನ ಮೆಸ್ಸು

ಟ್ರಿಪ್ಲಿಕೇನಿನ ಒಂದು ಕುಟುಂಬ ಪ್ರತಿಮೆಯನ್ನು ಕೆಳಗಿನ ಮೆಸ್ಸಿನವರ ಕೈಗೆ ಕೊಟ್ಟು ಸಿನಿಮಾಕ್ಕೆ ಹೋಗಿತ್ತಂತೆ. ಮೆಸ್ಸಿನ ಮಾಲೀಕರು ಕುಂದಾಪುರದ ಕಡೆಯ ಹಿಂದೂಗಳು. ಮರುದಿನ ಹೋದರೆ ಮರಿಯಮ್ಮ ಗಲ್ಲಾದ ಮೇಲೆ ಮಲ್ಲಿಗೆ ಮುಡಿದು ನಿಂತಿದ್ದಾಳೆ, ಮುಂದೆ ದೀಪ ಉರಿಯುತ್ತಿದೆ. ಮಾಲೀಕರು ಕೈ ಮುಗಿದುಕೊಂಡೇ ಹೇಳಿದರು: “ಎರಡು ಹೊತ್ತೂ ದೀಪ ಇಟ್ಟಿದ್ದೇನೆ ಅಮ್ಮ. ನಿಮ್ಮ ಮಂತ್ರ ನನಗೆ ಬರುವುದಿಲ್ಲ, ನನಗೆ ಬರುವುದನ್ನೇ ಹೇಳಿದೆ. ಇನ್ನೆರಡು ದಿನ ಇರಲಿ ಮಾರಾಯ್ರೆ.”

ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು. ಆ ತಿಂಗಳು ದೇವಮಾತೆಗೆ ‘ಇರು’ ಎಂದವರು ಅವರೊಬ್ಬರೇ, ಅವರ ಹೆಸರು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಹನ್ನೆರಡನೇ ಮನೆ

ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಧರ್ಮೋಪದೇಶ ಹೇಳಿಕೊಟ್ಟವಳು ನಾನು. ದೀಪದ ಬುಡ ಕತ್ತಲೆ. ಮಗ ಮೂರು ಸಲ ಮುಂದೂಡಿ ಕೊನೆಗೆ ಫೋನ್ ಮಾಡಿದ: “ಬಾಮ್ಮ, ಆರು ಗಂಟೆಗೆ ಪ್ರೇಯರ್ ರೆಡಿ ಇರುತ್ತೆ.”

ನುಂಗಂಬಾಕ್ಕಂನ ಅವನ ಮನೆಗೆ ಹೊಸ ಸೀರೆ ಉಟ್ಟು ಹೋದೆ. ಪ್ರೇಯರ್ ರೆಡಿ ಇತ್ತು, ಟಿವಿಯಲ್ಲಿ. ಮಗ ರಿಮೋಟ್ ಒತ್ತಿದ, ವಿಡಿಯೊದಲ್ಲಿ ಯಾರೋ ಸೊಗಸಾಗಿ ಜಪಸರ ಶುರು ಮಾಡಿದರು. ಆಮೇಲೆ ಮಗ ಆಫೀಸ್ ಕಾಲ್‌ಗೆ ಒಳಗೆ ಹೋದ, ಸೊಸೆ ಜಿಮ್ಮಿಗೆ ಹೋದಳು, ಮೊಮ್ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಸೋಫಾದಲ್ಲಿ ಉಳಿದವಳು ನಾನೊಬ್ಬಳೇ. ನನ್ನ ಪಕ್ಕದಲ್ಲಿ ಮರಿಯಮ್ಮ.

ಮೂವತ್ತು ‘ನಮೋ ಮರಿಯಾ’ ಆಗುವಷ್ಟರಲ್ಲಿ ಟಿವಿ ತಾನಾಗಿಯೇ ನಿಂತಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಮೂಡಿತು: ಇನ್ನೂ ನೋಡುತ್ತಿದ್ದೀರಾ?

ನನಗೆ ರಿಮೋಟ್ ಬರುವುದಿಲ್ಲ. ಮೊಮ್ಮಗಳನ್ನು ಕೂಗಿದೆ. ಬಂದಳು. ಪರದೆಯನ್ನು ಓದಿದಳು, ಖಾಲಿ ಕುರ್ಚಿಗಳನ್ನು ನೋಡಿದಳು, ಕೊನೆಗೆ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ತಮಿಳಿನಲ್ಲಿ, ತುಂಬ ಪ್ರಾಮಾಣಿಕವಾಗಿ, “ಯಾರೂ ನೋಡ್ತಾ ಇಲ್ಲ ಪಾಟಿ” ಅಂದು ಟಿವಿ ಆರಿಸಿ ಹೋದಳು.