ಮೆಟ್ಟಿಲ ಪಕ್ಕದ ಸುಣ್ಣ

2012ರ ಜುಲೈನಲ್ಲಿ ಚಿಕ್ಕಬಾಣಾವರದ ನಮ್ಮ ಮನೆಯ ಮೆಟ್ಟಿಲ ಪಕ್ಕದ ಗೋಡೆಯ ಸುಣ್ಣ ಉದುರಿತು. ಹೊಸದಾಗಿ ಬಳಿಸಿದ ಸುಣ್ಣ. ಉದುರಿದ್ದು ನನ್ನ ಸೊಂಟದೆತ್ತರದವರೆಗೆ ಮಾತ್ರ. ಪತ್ರಿಕೆಯ ಉಪಸಂಪಾದಕನಾದ ನನಗೆ ಎರಡೂ ಕಡೆಯವರನ್ನು ಕೇಳುವ ಅಭ್ಯಾಸ. ಗೋಡೆ ಮಾತನಾಡುವುದಿಲ್ಲವಾದ್ದರಿಂದ ಬಳಿದವನನ್ನೇ ಕರೆಸಿ ಬೈದೆ. “ನನ್ ಕೆಲ್ಸ ಪಕ್ಕಾ ಸಾರ್. ಇಲಿ ಇರ್ಬೇಕು, ನೋಡ್ಕೊಳ್ಳಿ,” ಎಂದ. ಬೋನು ತಂದಿಟ್ಟೆ. ಅದರೊಳಗಿನ ಬೋಂಡಾ ಹಾಗೇ ಒಣಗಿತು.

ಆ ವಾರ ಅಂಗನವಾಡಿಯಲ್ಲಿ ಮಕ್ಕಳ ರಕ್ತ ಪರೀಕ್ಷೆ ಇತ್ತು. ನಾನೂ ಜೊತೆಗೆ ಹೋಗಿದ್ದೆ. ಮಕ್ಕಳು ಹೇಗಿದ್ದಾರೆಂದು ನರ್ಸ್ ಮೊದಲು ತಾಯಂದಿರನ್ನು ಕೇಳುತ್ತಿದ್ದರು. “ಏನೂ ತಿನ್ನಲ್ಲ ಮೇಡಂ, ಬರೀ ಸುಸ್ತು ಅಂತಾಳೆ, ಗಾಳಿ ಬಂದ್ರೆ ಹಾರೋಗ್ತಾಳೆ,” ಎಂದು ನನ್ನ ಹೆಂಡತಿ ಮಗಳು ನಿಧಿಯ ಬಗ್ಗೆ ಸುದೀರ್ಘ ಹೇಳಿಕೆ ಕೊಟ್ಟಳು. ನಮ್ಮ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಬಸಮ್ಮ ಯಾದಗಿರಿ ಕಡೆಯವರು, ಕಟ್ಟಡ ಕೆಲಸಕ್ಕೆ ಹೋಗುವವರು. ಮಗಳು ರೇಣುಕಾಳ ಬಗ್ಗೆ ಅವರದು ಎರಡೇ ಮಾತು: “ಆರಾಮ ಅದಾಳ್ರಿ.”

ನಮ್ಮ ಕಚೇರಿಯಲ್ಲಿ ‘ಎಂದು’ ಎಂಬುದಕ್ಕೆ ಬಹಳ ಬೆಲೆ. ‘ಮಗು ಚೆನ್ನಾಗಿದೆ’ ಅಂತ ಅಚ್ಚಾದರೆ ಹೊಣೆ ಪತ್ರಿಕೆಯದು. ‘ಚೆನ್ನಾಗಿದೆ ಎಂದು ತಾಯಿ ಹೇಳಿದರು’ ಅಂದರೆ ನಾವು ನಿಶ್ಚಿಂತೆಯಿಂದ ಊಟಕ್ಕೆ ಹೋಗಬಹುದು.

ಬೆರಳಿಗೆ ಚುಚ್ಚಿದರು. ಗಾಳಿಗೆ ಹಾರಿಹೋಗಬೇಕಿದ್ದ ನಿಧಿಯ ರಕ್ತ ಇರಬೇಕಾದಷ್ಟೇ ಇತ್ತು. ಅವಳು ಐಸ್‌ಕ್ರೀಮ್ ಕೇಳಿದಳು. ರೇಣುಕಾಗೆ ಇನ್ನೊಂದು ಬೆರಳಿಗೂ ಚುಚ್ಚಿ ನೋಡಿದರು.

“ಆರಾಮ ಅಂದ್ರಲ್ಲಮ್ಮಾ? ರಕ್ತಾನೇ ಇಲ್ವಲ್ಲ!”

“ಆಡ್ತಾಳ, ಉಣ್ತಾಳ, ಚೊಲೊ ನಿದ್ದಿ ಮಾಡ್ತಾಳ್ರಿ. ಜಡ್ಡು ಬಿದ್ದು ಮಲಗಿದ್ರ ಆರಾಮಿಲ್ಲ ಅಂತೀವ್ರಿ. ಮಂದಿ ಕೇಳಿದ್ರ ಮತ್ತೇನ್ ಹೇಳೂದು?”

ನರ್ಸ್ ಹುಡುಗಿಯ ಕಡೆ ಬಗ್ಗಿದರು. “ಮಣ್ಣು, ಸುಣ್ಣ ಏನಾದ್ರೂ ತಿಂತೀಯಾ ಪುಟ್ಟಾ? ರಕ್ತ ಕಮ್ಮಿ ಇದ್ರೆ ಹಂಗನ್ಸುತ್ತೆ.”

ರೇಣುಕಾ ನನ್ನ ಮುಖ ನೋಡಿದಳು. “ಅಂಕಲ್ ಬೈತಾರ,” ಎಂದಳು.

ಮನೆಗೆ ಬಂದು ಬೋನು ಎತ್ತಿಟ್ಟೆ. ಬಸಮ್ಮನ ಕೈಗೆ ಕಬ್ಬಿಣಾಂಶದ ಸಿರಪ್ ಕೊಟ್ಟಿದ್ದರು. ಅದು ಮುಗಿದ ಮೇಲೆ ಮತ್ತೆ ರಕ್ತ ನೋಡಿಸಬೇಕಿತ್ತು. ಮುಗಿಯುವ ಮೊದಲೇ ಇಲ್ಲಿನ ಕಟ್ಟಡ ಮುಗಿಯಿತು. ಅವರು ವರ್ತೂರಿನ ಕೆಲಸಕ್ಕೆ ಹೋದರು.

ದೀಪಾವಳಿಯ ಹೊತ್ತಿಗೆ ಬಸಮ್ಮನಿಗೆ ಫೋನ್ ಮಾಡಿದೆ. ರಕ್ತ ಪರೀಕ್ಷೆ ಮಾಡಿಸಿದರಾ ಎಂದು ಕೇಳಿದೆ.

“ಇಲ್ರೀ ಸರ, ಇಲ್ಲಿ ದವಾಖಾನಿ ಎಲ್ಲೈತೋ ಗೊತ್ತಿಲ್ಲ. ನೀವು ಆರಾಮ ಅದೀರ್‍ಯಾ?”

ನನಗೆ ಹಿಂದಿನ ದಿನದಿಂದ ಜ್ವರವಿತ್ತು. “ಆರಾಮ,” ಎಂದೆ.

ರೇಣುಕಾಳೂ ಆರಾಮ ಇದ್ದಾಳೆ ಎಂದು ತಾಯಿ ಹೇಳಿದರು.