ಮಾವಿನ ಬಟ್ಟಲಿಗೆ ಗಂಜಿ ಹಾಕಿದ್ದು

ಹತ್ತಿ ಸೀರೆಗೆ ಗಂಜಿ ಹಾಕುವುದರಲ್ಲಿ ಬನ್ನಂಜೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ನಾನು ಗಂಜಿ ಹಾಕಿದ ಸೀರೆ ಉಡುವವರಿಲ್ಲದೆಯೂ ನಿಂತುಕೊಳ್ಳುತ್ತದೆ. ಈ ವಿದ್ಯೆಯನ್ನು ಮರಕ್ಕೂ ವಿಸ್ತರಿಸಬಹುದೆಂದು ಹೊಳೆದದ್ದು ನನ್ನ ದುರದೃಷ್ಟ. ಗಂಡನ ದುರದೃಷ್ಟವೂ ಹೌದು, ಲೇತಿನ ಮುಂದೆ ನಿಂತಿದ್ದವರು ಅವರು.

ಶಿರ್ವದಲ್ಲಿ ಅತ್ತೆಯ ಅಂಗಳದ ಮಾವಿನ ಮರ ಗಾಳಿಗೆ ಬಿದ್ದಿತ್ತು. ಮದುವೆಯಾಗಿ ಬಂದಂದಿನಿಂದ ಅತ್ತೆ ಅದರ ನೆರಳಿನಲ್ಲಿ ಕುಳಿತು ಮಲ್ಲಿಗೆ ಕಟ್ಟಿದವರು. "ಅದರಲ್ಲಿ ನನಗೊಂದು ಬಟ್ಟಲು ಮಾಡಿಕೊಡು ಮಗಾ, ಹೂ ಇಡ್ಲಿಕ್ಕೆ," ಎಂದು ಮಗನನ್ನು ಕೇಳಿದ್ದರು. ಮಗ, ಅಂದರೆ ನನ್ನ ಗಂಡ ಶೇಖರ್, ಹಿತ್ತಲಿನ ಶೆಡ್ಡಿನಲ್ಲಿ ಹವ್ಯಾಸಕ್ಕೆಂದು ಲೇತ್ ಇಟ್ಟುಕೊಂಡಿದ್ದಾರೆ. ಮರದ ತುಂಡು ಗಿರಗಿರ ತಿರುಗುವಾಗ ಉಳಿ ಹಿಡಿದು ಬಟ್ಟಲು ಕಡೆಯುತ್ತಾರೆ. ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಮರದ ಬಹುಪಾಲು ಗೆದ್ದಲಿನ ಪಾಲಾಗಿ, ಉಳಿದದ್ದು ಒಂದೇ ತುಂಡು. ಅದಕ್ಕೂ ಬೂಷ್ಟು ಹಿಡಿದು, ಯಾರೋ ಕಪ್ಪು ಶಾಯಿಯಲ್ಲಿ ಹೊಳೆ, ತೋಡುಗಳ ನಕ್ಷೆ ಬರೆದಂತಿತ್ತು.

"ಎಷ್ಟು ಚಂದ ಉಂಟಲ್ವಾ?" ಎಂದೆ.

"ಚಂದ ಉಂಟು. ಆದ್ರೆ ಗೆರೆಗಳ ನಡುವೆ ಮೆತ್ತಗೆ. ಉಳಿ ತಾಗಿದ್ರೆ ಎಳೆ ಎಳೆಯಾಗಿ ಕಿತ್ತು ಬರ್ತದೆ. ತೆಳು ಅಂಟು ಕುಡಿಸಿ ಗಟ್ಟಿ ಮಾಡ್ಬೇಕು. ಮತ್ತೆ ಉಳಿ ಚೆನ್ನಾಗಿ ಮಸೆದು ಮೆಲ್ಲ ಮೆಲ್ಲ ಕಡೀಬೇಕು."

ಬೇಕಾದ ಅಂಟು ಉಡುಪಿಯಲ್ಲಿ ಸಿಗಲಿಲ್ಲ. ಮಣಿಪಾಲದಲ್ಲೂ ಇಲ್ಲ, ಕಾರ್ಕಳಕ್ಕೆ ಹೋಗಿ ನೋಡುತ್ತೇನೆ ಎಂದು ಅವರ ಫೋನ್ ಬಂತು. ನನಗೆ ಪಾಪ ಅನಿಸಿತು. ಬಿ.ಎಸ್ಸಿ. ಓದಿದ ನಾನು ಯೋಚಿಸಿದೆ: ಬಟ್ಟೆಯೂ ನಾರು, ಮರವೂ ನಾರು. ಬೆಳಗ್ಗಿನ ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲಿ ತುಂಡನ್ನು ಚೆನ್ನಾಗಿ ನೆನೆಸಿ ತಾರಸಿಯ ಬಿಸಿಲಿಗಿಟ್ಟೆ. ಸಂಜೆಗೆ ಅದು ಹಪ್ಪಳದಂತೆ ಗರಿಗರಿ.

ಬರಿಗೈಯಲ್ಲಿ ಬಂದ ಶೇಖರ್ ತುಂಡನ್ನು ಬೆರಳಿನಿಂದ ತಟ್ಟಿದರು. "ಅರೆ, ಒಣಗಿ ಗಟ್ಟಿಯಾಗಿದೆಯಲ್ಲ. ಹೀಗೇ ಕಡೀಬಹುದು." ನಾನು ಗಂಭೀರವಾಗಿ ಸುಮ್ಮನಿದ್ದೆ. ಹೊಗಳಿಕೆಯನ್ನು ಬಟ್ಟಲು ಮುಗಿದ ಮೇಲೆ ಸ್ವೀಕರಿಸುವುದೆಂದು ತೀರ್ಮಾನಿಸಿದ್ದೆ.

ಲೇತ್ ತಿರುಗಿತು. ಮೊದಲ ಸಿಪ್ಪೆ ಸುರುಳಿಯಾಗಿ ಬಂತು. ಬಾಗಿಲಲ್ಲಿ ನಿಂತು ನಾನು ವಿನಯದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಉಳಿ ಹಿಂದೆಳೆದು, ಮುಖದ ಕವಚ ಮೇಲೆತ್ತಿ, ಮೂಗರಳಿಸಿ ಮೂಸುತ್ತ ನನ್ನ ಕಡೆ ಎರಡು ಹೆಜ್ಜೆ ಸರಿದರು.

"ಒಲೆಯಲ್ಲಿ ಎಂತ, ಗಂಜಿ ಉಕ್ಕಿತಾ?"

ಧಡ್!

ಲೇತಿನ ಹಿಡಿತದೊಳಗಿದ್ದ ಬುಡ ಗಂಜಿ ಕುಡಿದು ಒಳಗೊಳಗೇ ಮುದ್ದೆಯಾಗಿತ್ತು. ಅದು ಜಾರಿ, ಇಡೀ ತುಂಡು ಹಾರಿ, ಒಂದು ಕ್ಷಣದ ಹಿಂದೆ ಅವರ ಮುಖವಿದ್ದ ಜಾಗವನ್ನು ಹಾದು ಗೋಡೆಗೆ ಬಡಿದು ಸೀಳಿಹೋಯಿತು. ಇವತ್ತಿಗೂ ಸಾಂಬಾರು ತಿರುವುವಾಗ ನನಗೆ ಆ ತುಂಡು ಹಾರುವುದು ಕಾಣುತ್ತದೆ. ಕೆಲವು ಸಲ ಅವರು ಸರಿದಿರುವುದಿಲ್ಲ. ಆಗ ಒಲೆ ಆರಿಸಿ ಹೊರಗೆ ಹೋಗಿ ಅವರನ್ನೊಮ್ಮೆ ನೋಡಿ ಬರುತ್ತೇನೆ.

"ನಿನಗೆ ತಾಗಿತಾ?" ಅವರು ಮೊದಲು ಕೇಳಿದ್ದು ಅದು.

ಅವರ ಮೂಗು, ಕಿವಿ, ಹಣೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ.

"ಎಲ್ಲ ಉಂಟು ಮಾರಾಯ್ತಿ," ಎಂದರು.

"ಗಂಜಿ ಒಲೆಯಲ್ಲಿ ಅಲ್ಲ," ಎಂದೆ. "ಮರದಲ್ಲಿ."

ಅವರು ಒಂದು ಸೀಳನ್ನು ಎತ್ತಿ ಮೂಸಿ, ಸ್ಟೂಲಿನ ಮೇಲೆ ಕುಳಿತರು.

"ಇಸ್ತ್ರಿ ಒಂದು ಯಾಕೆ ಬಾಕಿ ಇಟ್ಟೆ?"

ನಾನು ಅಳತೊಡಗಿದೆ. ಅವರು ನಗುತ್ತ ನನ್ನ ಕೈ ಹಿಡಿದುಕೊಂಡರು.

ಅಂಟು ಕೊನೆಗೆ ಅಂಚೆಯಲ್ಲಿ ಬಂತು. ಸೀಳುಗಳಲ್ಲಿ ದೊಡ್ಡದನ್ನು ವಾರಗಟ್ಟಲೆ ಒಣಗಿಸಿ, ಅಂಟು ಕುಡಿಸಿ, ಶೇಖರ್ ಉಸಿರು ಬಿಗಿಹಿಡಿದು ಕಡೆದರು. ಒಂದು ಎಳೆಯೂ ಕೀಳಲಿಲ್ಲ. ಆದರೆ ಬಟ್ಟಲು ಅಂಗೈಯಷ್ಟಾಗಿತ್ತು.

ಅತ್ತೆ ಅದರ ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿ, "ನನ್ನ ಮರವೇ," ಎಂದರು. ಮತ್ತೆ ತಿರುಗಿಸಿ ನೋಡಿ, "ಒಂದು ಚೆಂಡು ಮಲ್ಲಿಗೆ ಹಿಡಿಸ್ಲಿಕ್ಕಿಲ್ಲ. ತೊಂದರೆ ಇಲ್ಲ, ಕಿವಿ ಕೇಳುವ ಮಿಷನ್ ಇಡ್ಲಿಕ್ಕೆ ಆಯ್ತು," ಎಂದರು.

ಬಟ್ಟಲು ಈಗ ಸದಾ ಅವರ ಪಕ್ಕದಲ್ಲೇ ಇರುತ್ತದೆ. ನಾನು ಏನಾದರೂ ಸಲಹೆ ಕೊಡಲು ಬಾಯಿ ತೆರೆದರೆ ಸಾಕು, ಅತ್ತೆ ನಿಧಾನವಾಗಿ ಕಿವಿಯಿಂದ ಮಿಷನ್ ತೆಗೆದು ಅದರೊಳಗೆ ಇಡುತ್ತಾರೆ.